ತಾನ ಬಂದ್ ಆಗೋ ಗಾಡಿ, ಹನ್ನೊಂದನೇ ದಿನಕ್ಕೆ ಬಿರುಕು ಬಿಟ್ಟ ಗ್ಲಾಸು

ಹೊಸ ಪಿಕಪ್ ಮನೆಗೆ ಬಂದ ನಾಲ್ಕನೇ ದಿನ ಬೆಳಿಗ್ಗೆ ಆರೂವರೆಗೆ ತಮ್ಮನ ಫೋನು. ನಾನು ಬೆಂಗಳೂರಿನ ರೂಮಿನಲ್ಲಿದ್ದೆ. ಹಿಂದಿನ ರಾತ್ರಿ ಎರಡರವರೆಗೆ ಆಫೀಸಿನ ರಿಲೀಸ್ ಮುಗಿಸಿ ಮಲಗಿದವನಿಗೆ ಅರ್ಧ ನಿದ್ದೆಗಣ್ಣು.

"ಅಣ್ಣಾ, ಗಾಡಿ ತಾನ ಬಂದ್ ಆಗಾಕತ್ತೈತಿ."

"ಡೀಸೆಲ್ ಐತೇನೋ?"

"ಅರ್ಧ ಟ್ಯಾಂಕ್ ಐತಿ. ಮುಂಡರಗಿ ದಾಟಿ ಬರೂವಾಗ ಕುರಿ ಹಿಂಡು ಅಡ್ಡ ಬಂತು, ನಿಂತೆ. ನಿಂತ ಕೂಡಲೇ ಬಂದ್. ಕ್ಲಚ್ ಒತ್ತಿದೆ, ಚಾಲೂ ಆತು. ಮತ್ತ ನಿಂತ್ರ ಮತ್ತ ಬಂದ್. ದೆವ್ವ ಹೊಕ್ಕಂಗ ಐತಿ."

ಹಿಂದೆ ಕಲ್ಲಂಗಡಿ ಲೋಡು, ಮುಂದೆ ಕುರಿ ಹಿಂಡು, ಪಕ್ಕದ ಸೀಟಿನಲ್ಲಿ ಅಪ್ಪ. ಅಪ್ಪ ಫೋನ್ ಕಸಿದುಕೊಂಡು ಒಂದೇ ಮಾತು ಹೇಳಿದರು: "ಹಳೇದು ಮಾರಬ್ಯಾಡ್ರಿ ಅಂದಿದ್ನೋ ಇಲ್ಲೋ?"

ಮನೆಗೆ ಹೊಸ ಗಾಡಿ ತಂದ ಎಲ್ಲರಿಗೂ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬಿದ್ದಿರುತ್ತದೆ. ನಮ್ಮನೆಯಲ್ಲಿ ಅದಕ್ಕೆ ತೂಕ ಜಾಸ್ತಿ ಇತ್ತು. ನಮ್ಮದು ಬೆಟಗೇರಿ. ಅಪ್ಪ ಹತ್ತೊಂಬತ್ತು ವರ್ಷ ಒಂದೇ ಗಾಡಿಯಲ್ಲಿ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಅಂತ ಬಾಡಿಗೆ ಹೊಡೆದವರು. ನನ್ನ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದು ಆ ಗಾಡಿಯೇ. ಅದರ ಗೇರ್ ಬಾಕ್ಸ್ ಸದ್ದು ಕೇಳಿದರೆ ಸಾಕು, ಎರಡು ಓಣಿ ಆಚೆಯಿಂದಲೇ ಅವ್ವ ರೊಟ್ಟಿ ಹಂಚು ಒಲೆ ಮೇಲೆ ಇಡುತ್ತಿದ್ದಳು. ಅದನ್ನು ಕೊಟ್ಟು ಹೊಸದು ತಗೊಳ್ಳೋಣ ಅಂತ ಹಟ ಹಿಡಿದವರು ನಾನು ಮತ್ತು ತಮ್ಮ. ಸಾಲ ಅವನ ಹೆಸರಲ್ಲಿ, ಜೊತೆ ಸಹಿ ನನ್ನದು. ತಿಂಗಳಿಗೆ 17,800 ರೂಪಾಯಿ, 60 ಕಂತು. ಯುಗಾದಿ ಪಾಡ್ಯಕ್ಕೆ ಡೆಲಿವರಿ ತಗೊಂಡು, ಹಾರ ಹಾಕಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು, ಫೋಟೋ ಸ್ಟೇಟಸ್ ಹಾಕಿ ನಾಲ್ಕೇ ದಿನವಾಗಿತ್ತು.

ದೆವ್ವ ಯಾವುದು ಅಂತ ಗೊತ್ತಾಗೋಕೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಈಗಿನ ಹಲವು ಗಾಡಿಗಳಲ್ಲಿ ಎಂಜಿನ್ ತಾನಾಗಿಯೇ ನಿಂತು ತಾನಾಗಿಯೇ ಶುರುವಾಗುವ ಏರ್ಪಾಡು ಇರುತ್ತದೆ. ಗಾಡಿ ನಿಂತು, ಗೇರ್ ನ್ಯೂಟ್ರಲ್‌ಗೆ ಬಂದು, ಕ್ಲಚ್ ಮೇಲಿನ ಕಾಲು ತೆಗೆದರೆ ಕೆಲವು ಸೆಕೆಂಡಿನಲ್ಲಿ ಎಂಜಿನ್ ಬಂದ್. ಮತ್ತೆ ಕ್ಲಚ್ ಒತ್ತಿದರೆ ಚಾಲೂ. ಸುಮ್ಮನೆ ನಿಂತ ಸಣ್ಣ ಡೀಸೆಲ್ ಎಂಜಿನ್ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಕುಡಿಯುತ್ತದೆ, ಅದನ್ನು ಉಳಿಸೋಣ ಅನ್ನುವ ಲೆಕ್ಕ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಂದೂವರೆ ನಿಮಿಷ ನಿಲ್ಲುವವನಿಗೆ ಇದು ಚೆನ್ನಾಗಿಯೇ ಇದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಮುಂದೆ ಹೋಗುವವನಿಗೆ ತಲೆನೋವು.

ಬಂದ್ ಮಾಡೋಕೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಬಟನ್ ಇದೆ. ಆದರೆ ನಮ್ಮ ಗಾಡಿ ಆ ಬಟನ್ನಿನ ಮಾತು ನೆನಪಿಟ್ಟುಕೊಳ್ಳುವುದಿಲ್ಲ. ಕೀ ತೆಗೆದು ಹಾಕಿದರೆ ಮತ್ತೆ ಮೊದಲಿನ ಹಾಡು. ಬಳಕೆದಾರ ಒಮ್ಮೆ ಆರಿಸಿದ್ದನ್ನು ಮರೆಯುವ ಸಾಫ್ಟ್‌ವೇರ್ ನಾನು ಬರೆದಿದ್ದರೆ ನನ್ನ ಮ್ಯಾನೇಜರ್ ಅವತ್ತೇ ವಾಪಸ್ ಕಳಿಸುತ್ತಿದ್ದರು. ಇನ್ನೊಂದು ವಿಷಯ ತಮ್ಮನಿಗೆ ಯಾರೂ ಹೇಳಿರಲಿಲ್ಲ. ಎಂಜಿನ್ ಹಾಗೆ ನಿಂತಾಗ ಸೀಟ್ ಬೆಲ್ಟ್ ಬಿಚ್ಚಿ ಬಾಗಿಲು ತೆಗೆದರೆ ಆಮೇಲೆ ಕ್ಲಚ್‌ಗೆ ಅದು ಏಳುವುದಿಲ್ಲ, ಕೀಯನ್ನೇ ತಿರುಗಿಸಬೇಕು. ಡ್ರೈವರ್ ಸೀಟಿನಲ್ಲಿಲ್ಲ ಅಂತ ಗಾಡಿ ತಿಳಿಯುತ್ತದೆ. ಸುರಕ್ಷತೆ ದೃಷ್ಟಿಯಿಂದ ಸರಿಯೇ. ಆದರೆ ಲೋಡಿಂಗ್ ಜಾಗದಲ್ಲಿ ಇಳಿದು ಹತ್ತುವ ಪ್ರತಿಸಲ "ಕೆಟ್ಟತೋ ಏನೋ" ಅಂತ ಅವನ ಎದೆ ಝಲ್ ಅನ್ನುತ್ತಿತ್ತಂತೆ.

ಇದನ್ನೆಲ್ಲ ವಿಡಿಯೋ ಕಾಲ್‌ನಲ್ಲಿ ತಿಳಿಸಿ ಹೇಳಿದೆ. ತಮ್ಮ ಒಪ್ಪಿದ. ಅಪ್ಪ ಮಾತ್ರ, "ಎಂಜಿನ್ ನಾವು ಹೇಳಿದ್ರ ನಿಲ್ಲಬೇಕು. ಅದಕ್ಕ ಯಾಕ ಬೇಕು ಆ ಉಸಾಬರಿ?" ಅಂದರು. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ.

ಹನ್ನೊಂದನೇ ದಿನದ ಸುದ್ದಿ ನನಗೆ ತಿಳಿದದ್ದು ತಿಂಗಳ ನಂತರ. ಮುಂಡರಗಿಯಿಂದ ಗದಗಕ್ಕೆ ಬರುವಾಗ ಮುಂದೆ ಖಡಿ ತುಂಬಿದ ಟಿಪ್ಪರ್, ಮೇಲೆ ತಾಡಪತ್ರಿ ಇಲ್ಲ. ಒಂದು ಹರಳು ಹಾರಿ ಬಂದು ಮುಂದಿನ ಗ್ಲಾಸಿಗೆ 'ಟಣ್' ಅಂತ ಬಡಿದಿದೆ. ಜೋಳದ ಕಾಳಿನಷ್ಟು ಗುರುತು. ಅಪ್ಪನಿಗೆ ಕಾಣಬಾರದು ಅಂತ ತಮ್ಮ ಅದರ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿಬಿಟ್ಟ. ಡ್ರೈವರ್ ಕಡೆಯ ಮೂಲೆಯಲ್ಲಿ ದೇವರ ಸ್ಟಿಕ್ಕರ್ ಇದ್ದರೆ ಯಾರು ಅನುಮಾನ ಪಡುತ್ತಾರೆ? ಅಪ್ಪ ದಿನಾ ಅದಕ್ಕೆ ಕೈ ಮುಗಿಯುತ್ತಿದ್ದರು.

ನಮ್ಮ ಕಡೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತಿರಬಹುದು. ಲಕ್ಷ್ಮೇಶ್ವರದಲ್ಲಿ ಮಧ್ಯಾಹ್ನ ಮೂರು ತಾಸು ಬಿಸಿಲಿಗೆ ನಿಂತ ಗಾಡಿಯ ಧೂಳು ತೊಳೆಯೋಣ ಅಂತ ತಮ್ಮ ಒಂದು ಬಕೆಟ್ ತಣ್ಣೀರನ್ನು ಗ್ಲಾಸಿಗೆ ಎರಚಿದ. ಸ್ಟಿಕ್ಕರ್ ಕೆಳಗಿನಿಂದ ಒಂದು ಗೆರೆ ಹೊರಟು, ಅವನು ನೋಡುತ್ತಿರುವಂತೆಯೇ ಆ ತುದಿಯವರೆಗೆ ಓಡಿತಂತೆ. "ಹಾವು ಹರಿದಂಗ ಹೋತಣ್ಣಾ" ಅಂದ.

ಮುಂದಿನ ಗ್ಲಾಸು ಒಂದೇ ಹಾಳೆಯಲ್ಲ. ಎರಡು ಗಾಜಿನ ಹಾಳೆ, ನಡುವೆ ಒಂದು ಪ್ಲಾಸ್ಟಿಕ್ ಪದರ. ಅದಕ್ಕೇ ಕಲ್ಲು ಬಿದ್ದರೆ ಅದು ಪಕ್ಕದ ಕಿಟಕಿ ಗಾಜಿನ ಹಾಗೆ ಪುಡಿಪುಡಿಯಾಗಿ ಮೈಮೇಲೆ ಬೀಳುವುದಿಲ್ಲ. ಹೊರಗಿನ ಹಾಳೆಗೆ ಮಾತ್ರ ಸಣ್ಣ ಏಟು ಬಿದ್ದಾಗ ಅದನ್ನು ರಿಪೇರಿ ಮಾಡಬಹುದು. ಆ ತೂತಿಗೆ ರಾಳದಂಥ ದ್ರವ ತುಂಬಿ, ಯುವಿ ಲೈಟ್ ಹಿಡಿದು ಗಟ್ಟಿ ಮಾಡುತ್ತಾರೆ. ಅರ್ಧ ಗಂಟೆಯ ಕೆಲಸ, ಕೆಲವು ನೂರು ರೂಪಾಯಿ. ಆದರೆ ಧೂಳು, ನೀರು ಒಳಗೆ ಹೋಗುವ ಮೊದಲೇ ಮಾಡಿಸಬೇಕು. ಅಲ್ಲಿಯವರೆಗೆ ಒಂದು ತುಂಡು ಪಾರದರ್ಶಕ ಟೇಪ್ ಹಚ್ಚಿಟ್ಟರೆ ಸಾಕು. ಬಿಸಿ ಗ್ಲಾಸಿಗೆ ತಣ್ಣೀರು, ನೇರ ಎಸಿ ಗಾಳಿ ಎರಡೂ ಬೇಡ. ತಮ್ಮನಿಗೆ ಇದು ಗೊತ್ತಿದ್ದರೆ ದೇವರಿಗೂ ಅಷ್ಟು ತೊಂದರೆ ಕೊಡಬೇಕಾಗಿರಲಿಲ್ಲ.

ಒಡೆದ ಗ್ಲಾಸು ಇಟ್ಟುಕೊಂಡು ಓಡಾಡೋಣ ಅಂದರೆ ಸರಕು ಗಾಡಿಗೆ ಅದೂ ಆಗದು. ಹೊಸ ಸರಕು ಗಾಡಿಗೆ ಎಫ್‌ಸಿ ಎರಡು ವರ್ಷ, ಆಮೇಲೆ ತಪಾಸಣೆಗೆ ಹೋದಾಗ ಉದ್ದ ಬಿರುಕಿನ ಗ್ಲಾಸು ಪಾಸಾಗುವುದಿಲ್ಲ. ಎದುರಿನ ಗಾಡಿಯ ಲೈಟು ಬಿರುಕಿಗೆ ಬಿದ್ದು ರಾತ್ರಿ ಕಣ್ಣು ಕುಕ್ಕುವುದು ಬೇರೆ. ಅಪ್ಪನಿಗೆ ಗೊತ್ತಾಗುವ ಮೊದಲು ಬದಲಿಸಬೇಕು ಅನ್ನೋ ಅವಸರದಲ್ಲಿ ತಮ್ಮ ಅವತ್ತೇ 8,200 ಕೊಟ್ಟು ಹೊಸ ಗ್ಲಾಸು ಹಾಕಿಸಿದ. ಫೋಟೋ ಇಲ್ಲ, ಇನ್ಶೂರೆನ್ಸ್‌ನವರಿಗೆ ಫೋನ್ ಇಲ್ಲ. ಸರ್ವೇಯರ್ ನೋಡುವ ಮೊದಲೇ ಹಳೆಯದನ್ನು ತೆಗೆದುಬಿಟ್ಟರೆ ಕ್ಲೇಮ್ ಅನ್ನೋದು ಗಾಳಿಗೆ ಹೋದ ಹೊಟ್ಟು. ಹಾಕಿದವನು, "ಅಂಟು ಒಣಗೂತನಕ, ಸಂಜೀಮಟ ಗಾಡಿ ಅಲ್ಲಾಡಿಸಬ್ಯಾಡ" ಅಂದಿದ್ದ. ಇವನಿಗೆ ಶಿರಹಟ್ಟಿ ಲೋಡ್ ಇತ್ತು, ಅರ್ಧ ತಾಸಿಗೆ ಹೊರಟ. ಜೂನ್ ಮೊದಲ ಮಳೆಗೆ ಗ್ಲಾಸಿನ ಮೂಲೆಯಿಂದ ಅವನ ಬಲ ಮೊಣಕಾಲಿನ ಮೇಲೆ ಹನಿ ಹನಿ ನೀರು. ಅಪ್ಪ ಕೇಳಿದರು, "ಹೊಸ ಗಾಡಿ ಸೋರತೈತೇನೋ?" ಆಗ ಎಲ್ಲ ಬಾಯಿಬಿಟ್ಟ.

ಅಪ್ಪ ಬೈಯಲಿಲ್ಲ. ಅದೇ ತಮ್ಮನಿಗೆ ಜಾಸ್ತಿ ಚುಚ್ಚಿದ್ದು.

ನಾನು ಸುಮ್ಮನಿರದೆ ಪಾಲಿಸಿ ಪಿಡಿಎಫ್ ತೆಗೆದು ಪೂರ್ತಿ ಓದಿದೆ. ಮೂರು ವಿಷಯ ಗೊತ್ತಾಯಿತು, ನಿಮಗೂ ಉಪಯೋಗಕ್ಕೆ ಬರಬಹುದು. ಕ್ಲೇಮ್ ಮಾಡುವಾಗ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಅರ್ಧ ಬೆಲೆ ಸವಕಳಿ ಅಂತ ಕಳೆಯುತ್ತಾರೆ, ಆದರೆ ಗಾಜಿಗೆ ಸವಕಳಿ ಸೊನ್ನೆ. ಹಾಗಂತ ಎಲ್ಲದಕ್ಕೂ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಮೆಟ್ಟಿಲಿನಂತೆ 20, 25, 35, 45, ಕೊನೆಗೆ 50 ಪರ್ಸೆಂಟ್‌ವರೆಗೆ ಏರುತ್ತದೆ, ಕ್ಲೇಮ್ ಮಾಡಿದ ವರ್ಷ ಕೆಳಗಿನಿಂದ ಶುರು. ನಮ್ಮ ಗಾಡಿಯ ಸ್ವಂತ ಹಾನಿ ಪ್ರೀಮಿಯಂ ಸುಮಾರು 14,000. ಮೊದಲ ವರ್ಷವೇ ಒಂದು ಕ್ಲೇಮ್ ಮಾಡಿದ್ದರೆ ಮುಂದಿನ ನಾಲ್ಕು ವರ್ಷದಲ್ಲಿ ಒಟ್ಟು 6,000 ರೂಪಾಯಿಯಷ್ಟು ರಿಯಾಯಿತಿ ಕಳೆದುಕೊಳ್ಳುತ್ತಿದ್ದೆವು. 8,200ರ ಗ್ಲಾಸಿಗೆ ಅದು ಹೆಚ್ಚುಕಡಿಮೆ ಸಮ. ಅಂದರೆ ತಮ್ಮ ಗೊತ್ತಿಲ್ಲದೆಯೇ ಅಷ್ಟೇನೂ ಕಳೆದುಕೊಂಡಿರಲಿಲ್ಲ. ಈ ಎಕ್ಸೆಲ್ ಶೀಟ್ ಅವನಿಗೆ ಕಳಿಸಿದೆ, "ನೋಡಿದೆ" ಅಂತ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಮೂರನೆಯದು ಮುಖ್ಯ. ಸರಕು ಗಾಡಿಯ ಸಾಮಾನ್ಯ ಪಾಲಿಸಿಯಲ್ಲಿ ಬಂಪರ್, ಬಾನೆಟ್, ಮಡ್‌ಗಾರ್ಡ್, ಹೆಡ್‌ಲೈಟ್, ಪೇಂಟ್ ಇವಕ್ಕೆ ಮಾತ್ರ ಪೆಟ್ಟಾದರೆ ದುಡ್ಡು ಬರುವುದಿಲ್ಲ. ಅದಕ್ಕೆ ಐಎಂಟಿ 23 ಅನ್ನುವ ಸೇರ್ಪಡೆ ಬೇರೆಯಾಗಿ ತಗೊಳ್ಳಬೇಕು. ಕಾರಿನ ಇನ್ಶೂರೆನ್ಸ್ ಅಭ್ಯಾಸದಲ್ಲಿ ನಾವು ಇದನ್ನು ನೋಡುವುದೇ ಇಲ್ಲ. ನಿಮ್ಮ ಅಪ್ಪನೋ ಮಾವನೋ ಹಳದಿ ಬೋರ್ಡಿನ ಗಾಡಿ ಇಟ್ಟಿದ್ದರೆ ಇವತ್ತೇ ಪಾಲಿಸಿ ತೆಗೆದು ಆ ಸಂಖ್ಯೆ ಇದೆಯಾ ನೋಡಿ.

ಸಣ್ಣಪುಟ್ಟವು ಇನ್ನೂ ಇದ್ದವು. ಮಸಿ ಹಿಡಿಯುವ ಫಿಲ್ಟರಿನ ಲೈಟು ಹತ್ತಿಕೊಂಡಿದ್ದು ಅದರಲ್ಲಿ ಒಂದು. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಇದು ಕೂತಿದೆ. ಹೊಗೆಯ ಮಸಿ ಅದರಲ್ಲಿ ತುಂಬುತ್ತದೆ, ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿದಾಗ ಸುಟ್ಟುಹೋಗುತ್ತದೆ. ಬೆಟಗೇರಿಯ ಓಣಿಗಳಲ್ಲಿ ಸೀರೆ ಗಂಟು, ಕಿರಾಣಿ ಚೀಲ ಅಂತ ಎರಡೆರಡು ಕಿಲೋಮೀಟರ್ ಓಡುವ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ಲೈಟು ಬಂದರೆ ಹೈವೇಗೆ ಹೋಗಿ ಇಪ್ಪತ್ತು ಮೂವತ್ತು ನಿಮಿಷ ಓಡಿಸಿ ಬರಬೇಕು. "ಡೀಸೆಲ್ ಸುಟ್ಟು ಸುಮ್ನ ಅಡ್ಡಾಡಿ ಬರಬೇಕಂತ?" ಅಂತ ಅಪ್ಪ ಕೇಳಿದ್ದಕ್ಕೆ ಅವ್ವ, "ಹಂಗಾರ ನನ್ನನ್ನೂ ಕರಕೊಂಡು ಹೋಗ್ರಿ" ಅಂದಳು. ಈಗ ಲೈಟು ಬಂದಾಗಲೆಲ್ಲ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಅಣ್ಣಿಗೇರಿವರೆಗೆ ಹೋಗಿ, ಅಮೃತೇಶ್ವರ ಗುಡಿಗೆ ಕೈ ಮುಗಿದು ಬರುತ್ತಾರೆ. ಸರಕು ಗಾಡಿಗೆ 80ರ ವೇಗ ಮಿತಿ ಇರುವುದರಿಂದ ಅವ್ವನಿಗೆ ಹೆದರಿಕೆಯೂ ಇಲ್ಲ.

ಹತ್ತು ಚಕ್ರದ ಲಾರಿ ಇಟ್ಟಿರುವ ನಮ್ಮ ಕಾಕಾನ ಕಷ್ಟ ಬೇರೆ. ಅವರ ಲಾರಿಗೆ ಡೀಸೆಲ್ ಜೊತೆ ಯೂರಿಯಾ ದ್ರಾವಣವನ್ನೂ ಹಾಕಬೇಕು. ಅದು 32.5 ಪರ್ಸೆಂಟ್ ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. "ಹೊಲಕ್ಕ ಹಾಕೂ ಯೂರಿಯಾ ಚೀಲ ಮನ್ಯಾಗ ಐತಿ, ಬೋರಿನ ನೀರಾಗ ಕಲಿಸಿ ಹಾಕಿದ್ರ ಆಗಂಗಿಲ್ಲೇನೋ ತಮ್ಮಾ?" ಅಂತ ನನ್ನನ್ನೇ ಕೇಳಿದರು. ಆಗಂಗಿಲ್ಲ ಕಾಕಾ. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಇರುತ್ತದೆ, ನಮ್ಮ ಬೋರಿನ ನೀರಿನಲ್ಲಿ ಸುಣ್ಣದಂಶ. ಎರಡೂ ಸೇರಿ ಒಳಗಿನ ದುಬಾರಿ ಭಾಗ ಕಟ್ಟಿಕೊಂಡು ಕೂತರೆ ಉಳಿಸಿದ್ದರ ನೂರು ಪಟ್ಟು ಖರ್ಚು. ರೈತರ ಸಬ್ಸಿಡಿ ಗೊಬ್ಬರ ಹಾಗೆ ಬಳಸುವುದು ಅಪರಾಧವೂ ಹೌದು.

ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ್ದು ದಸರಾ ಮುಗಿದ ಮೇಲೆ, ಉಳ್ಳಾಗಡ್ಡಿ ಸೀಸನ್ನಿನಲ್ಲಿ ಆಯಿತು.

ಮುಂಡರಗಿ ಕಡೆಯ ಒಬ್ಬ ರೈತರು ಅಪ್ಪನ ಹಳೇ ಗಿರಾಕಿ. ಹದಿನೈದು ವರ್ಷದಿಂದ ಬೇರೆ ಗಾಡಿ ಕರೆದವರಲ್ಲ. ಅವರ ಉಳ್ಳಾಗಡ್ಡಿ ತುಂಬಿಕೊಂಡು ತಮ್ಮ ರಾತ್ರಿ ಎರಡಕ್ಕೆ ಗದಗ ಎಪಿಎಂಸಿ ಸಾಲಿನಲ್ಲಿ ನಿಂತ. ಸೀಸನ್ನಿನ ಸಾಲು ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಹತ್ತು ಅಡಿ ಮುಂದೆ, ಐದು ನಿಮಿಷ ನಿಲ್ಲು, ಮತ್ತೆ ಹತ್ತು ಅಡಿ. ನಿದ್ದೆಗಣ್ಣಲ್ಲಿ ಬಟನ್ ಒತ್ತೋದು ಮರೆತಿದ್ದ. ಎಂಜಿನ್ ಪ್ರತಿಸಲ ನಿಂತಿತು, ಪ್ರತಿಸಲ ಎದ್ದಿತು. ಹಾಡು ನಡೆದಿತ್ತು, ಮೇಲೆ ಎಲ್‌ಇಡಿ ಪಟ್ಟಿ ಉರಿಯುತ್ತಿತ್ತು. ನಾಲ್ಕು ಗಂಟೆಗೆ ಕ್ಲಚ್ ಒತ್ತಿದ. ಕಟ್ ಕಟ್ ಅಂತ ಸದ್ದು ಬಂತು, ಅಷ್ಟೇ.

ಹಮಾಲರು ಎಂಟು ಹತ್ತು ಮಂದಿ ಸೇರಿ ನೂಕಿದರು. ಹಳೇ ಗಾಡಿಯಾಗಿದ್ದರೆ ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಎಬ್ಬಿಸಬಹುದಿತ್ತು. ಈಗಿನದಕ್ಕೆ ಕಂಪ್ಯೂಟರಿಗೇ ಕರೆಂಟ್ ಬೇಕು, ಬ್ಯಾಟರಿ ಪೂರ್ತಿ ಇಳಿದಿದ್ದರೆ ಎಷ್ಟು ನೂಕಿದರೂ ವ್ಯರ್ಥ. ಪಕ್ಕಕ್ಕೆ ಸರಿಸಿದರು, ಸಾಲು ಮುಂದೆ ಹೋಯಿತು. ಜಂಪ್ ಕೇಬಲ್ ಹುಡುಕಿ ತಂದು ಗಾಡಿ ಎದ್ದು ಒಳಗೆ ಹೋಗುವಷ್ಟರಲ್ಲಿ ಅವತ್ತಿನ ವ್ಯಾಪಾರ ಮುಗಿದಿತ್ತು. ಮರುದಿನ ಅದೇ ಮಾಲಿಗೆ ಕ್ವಿಂಟಲ್‌ಗೆ 150 ರೂಪಾಯಿ ಕಡಿಮೆ ಸಿಕ್ಕಿತು. ಆ ರೈತರು ಜಗಳ ತೆಗೆಯಲಿಲ್ಲ. "ನಿಮ್ಮಪ್ಪನ ಗಾಡಿ ಹಿಂಗ ಮಾಡ್ತಿದ್ದಿಲ್ಲಪಾ" ಅಂದರಷ್ಟೇ. ಕಡಿಮೆಯಾದ ದುಡ್ಡನ್ನು ಅಪ್ಪ ತಮ್ಮ ಜೇಬಿನಿಂದ ಕೊಟ್ಟರು, ಬಾಡಿಗೆಯನ್ನೂ ತಗೊಳ್ಳಲಿಲ್ಲ. ಆ ತಿಂಗಳ ಕಂತು ನಾನು ಕಟ್ಟಿದೆ. ತಮ್ಮ ಎರಡು ದಿನ ಗಾಡಿ ಕೀ ಮುಟ್ಟಲಿಲ್ಲ ಅಂತ ಅವ್ವ ಫೋನ್ ಮಾಡಿ ಅತ್ತಳು.

ಸರ್ವಿಸ್ ಸೆಂಟರಿನವರು ಎರಡೇ ನಿಮಿಷ ನೋಡಿ, "ಹೊರಗಡೆ ಫಿಟಿಂಗ್ ಮಾಡಿಸೀರಿ, ವಾರಂಟಿ ಬರಂಗಿಲ್ಲ" ಅಂದರಂತೆ. ಶುಕ್ರವಾರ ರಾತ್ರಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದೆ.

ಹತ್ತು ವರ್ಷದಿಂದ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಅಪ್ಪನ ಹಳೇ ಮಲ್ಟಿಮೀಟರ್ ಹಿಡಿದು ಕೂತೆ. ಇಂಥ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ತುದಿಗೆ ಒಂದು ಪುಟ್ಟ ಸೆನ್ಸರ್ ಕೂತಿರುತ್ತದೆ. ಎಷ್ಟು ಕರೆಂಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಅಂತ ಲೆಕ್ಕ ಇಡುವುದು ಅದರ ಕೆಲಸ. ಚಾರ್ಜ್ ಕಡಿಮೆ ಅನ್ನಿಸಿದರೆ ಗಾಡಿ ಎಂಜಿನ್ ಬಂದ್ ಮಾಡುವುದನ್ನು ತಾನೇ ನಿಲ್ಲಿಸಬೇಕು. ಹಾಗಿದ್ದ ಮೇಲೆ ಅವತ್ತು ಯಾಕೆ ನಿಲ್ಲಿಸಲಿಲ್ಲ?

ಮ್ಯೂಸಿಕ್ ಸಿಸ್ಟಮ್, ಎಲ್‌ಇಡಿ, ದೊಡ್ಡ ಹಾರ್ನ್ ಎಲ್ಲದರ ಮೈನಸ್ ವೈರನ್ನು ಹಾಕಿದವನು ಸೀದಾ ಬ್ಯಾಟರಿ ತುದಿಗೇ ಬಿಗಿದಿದ್ದ, ಸೆನ್ಸರಿಗಿಂತ ಈಚೆ. ಆ ಕರೆಂಟ್ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಹಿಂದಿನ ಬಾಗಿಲಿನಿಂದ ಚೀಲ ಹೋಗುತ್ತಿವೆ, ಮುಂದಿನ ಬಾಗಿಲಲ್ಲಿ ಗುಮಾಸ್ತ ದಾಸ್ತಾನು ಪೂರ್ತಿ ಇದೆ ಅಂತ ಬರೆಯುತ್ತಿದ್ದಾನೆ, ಹಾಗಾಗಿತ್ತು. ಬ್ಯಾಟರಿ ತುಂಬಿದೆ ಅಂತ ನಂಬಿಕೊಂಡೇ ಗಾಡಿ ರಾತ್ರಿಯಿಡೀ ಎಂಜಿನ್ ನಿಲ್ಲಿಸಿ ಎಬ್ಬಿಸಿದೆ.

ಆ ವೈರು ಬಿಚ್ಚಿ, ಹೊಸ ಲಗ್ ಹಾಕಿ, ಚಾಸಿಸ್ ಮೇಲಿನ ಬೋಲ್ಟಿಗೆ ಬಿಗಿದೆ. ಮೂವತ್ತು ರೂಪಾಯಿ ಖರ್ಚು. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದರು. ನಾನು ಸಣ್ಣವನಿದ್ದಾಗ ಅವರು ಗಾಡಿ ಕೆಳಗೆ ಮಲಗುತ್ತಿದ್ದರು, ಟಾರ್ಚ್ ನಾನು ಹಿಡಿಯುತ್ತಿದ್ದೆ.

ಬ್ಯಾಟರಿಯೂ ಸೊರಗಿತ್ತು, ಬದಲಿಸಬೇಕಾಯಿತು. ಅಂಗಡಿಯವನು ಸಾಮಾನ್ಯ ಬ್ಯಾಟರಿ ಕಡಿಮೆಗೆ ಕೊಡ್ತೀನಿ ಅಂದ. ಈ ಥರದ ಗಾಡಿಗೆ ಪದೇ ಪದೇ ಸ್ಟಾರ್ಟ್ ತಡೆಯುವ ಇಎಫ್‌ಬಿ ಬ್ಯಾಟರಿಯೇ ಬೇಕು, ಸಾಮಾನ್ಯದ್ದು ಬೇಗ ಸಾಯುತ್ತದೆ. ಜಾಸ್ತಿ ದುಡ್ಡು ಕೊಟ್ಟು ಅದನ್ನೇ ತಂದೆವು. ಜೊತೆಗೆ ಒಂದು ಜೊತೆ ಜಂಪ್ ಕೇಬಲ್. ಅದನ್ನು ಹಾಕುವಾಗಲೂ ಕಪ್ಪು ವೈರು ಇಳಿದ ಬ್ಯಾಟರಿಯ ತುದಿಗೆ ಬೇಡ, ಚಾಸಿಸ್ಸಿಗೆ ಹಾಕಿ.

ಭಾನುವಾರ ಟ್ರಯಲ್‌ಗೆ ನಾನೇ ಓಡಿಸಿದೆ. ಕಾರ್ ಲೈಸೆನ್ಸಿನಲ್ಲಿ ಹಳದಿ ಬೋರ್ಡ್ ಓಡಿಸಬಹುದಾ ಅಂತ ಅವ್ವನಿಗೆ ಅನುಮಾನ. 7,500 ಕೆಜಿ ಒಳಗಿನ ಗಾಡಿಗೆ ಅಡ್ಡಿಯಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ ಅಂದೆ. "ಕೋರ್ಟ್ ಹೇಳಿದ್ರೂ ಸಾವಕಾಶ ಹೋಗು" ಅಂದಳು. ಕಪ್ಪತಗುಡ್ಡದ ಕಡೆ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆ ಟ್ರೇಲರ್ ತಿರುವಿನಲ್ಲಿ ಸಿಕ್ಕಿಕೊಂಡು ಹತ್ತು ನಿಮಿಷ ದಾರಿ ಬಂದ್. ನಮ್ಮ ಎಂಜಿನ್ ತಾನ ನಿಂತಿತು. ಸದ್ದಿಲ್ಲ, ಹೊಗೆಯಿಲ್ಲ, ಕಿಟಕಿಯಿಂದ ಗಾಳಿ. ಅಪ್ಪ ಏನೂ ಅನ್ನಲಿಲ್ಲ. ಇಂಥ ಕಡೆ ಇದು ಚೊಲೋ ಅಂತ ಅವರಿಗೂ ಅನ್ನಿಸಿರಬೇಕು, ಒಪ್ಪಿಕೊಳ್ಳುವವರಲ್ಲ.

ಮುಂದಿನ ವಾರ ಅಪ್ಪನೇ ಆ ರೈತರಿಗೆ ಫೋನ್ ಮಾಡಿ, ಎರಡನೇ ಕೊಯ್ಲಿನ ಮಾಲು ನಾವೇ ಒಯ್ತೀವಿ ಅಂದರು. ತಾವೂ ಜೊತೆಗೆ ಹೋದರು. ಎಪಿಎಂಸಿ ಸಾಲಿನಲ್ಲಿ ತಮ್ಮ ಬಟನ್ ಒತ್ತಲು ಕೈ ಚಾಚಿದಾಗ ಅಪ್ಪ ತಡೆದರಂತೆ. ಎಂಜಿನ್ ನಿಂತಿತು. ನಡುವೆ ಕೂತಿದ್ದ ಆ ರೈತರು, "ಮತ್ತ ಹೋತೇನಪಾ?" ಅಂತ ಎದ್ದೇಬಿಟ್ಟರು.

"ಕುಂದರ್ರಿ, ಅದು ದಮ್ಮ ತಗೊಳ್ಳಾಕತ್ತೈತಿ" ಅಂದರಂತೆ ಅಪ್ಪ. ಕ್ಲಚ್ ಒತ್ತಿದ, ಎದ್ದಿತು. ಆಮೇಲೆ ತಮ್ಮ ಬಟನ್ ಒತ್ತಿಯೇಬಿಟ್ಟ, ಧೈರ್ಯ ಸಾಲಲಿಲ್ಲ ಅಂದ.

ಮೊನ್ನೆ ಮೀಟಿಂಗಿನಲ್ಲಿದ್ದಾಗ ಅವನಿಂದ ಒಂದು ಫೋಟೋ ಬಂತು. ಶಿರಹಟ್ಟಿ ರಸ್ತೆ, ಮುಂದೆ ಖಡಿ ಟಿಪ್ಪರ್, ಗ್ಲಾಸಿನ ಎಡ ಮೂಲೆಯಲ್ಲಿ ಜೋಳದ ಕಾಳಿನಷ್ಟು ಹೊಸ ಗುರುತು. ಕೆಳಗೆ ಒಂದೇ ಸಾಲು: "ಟೇಪ್ ಹಚ್ಚೀನಿ, ನಾಳೆ ರಿಪೇರಿಗೆ ಒಯ್ತೀನಿ. ಅಪ್ಪಗೂ ಹೇಳೀನಿ."